ಗಂಟಲಲ್ಲಿ ಸಿಕ್ಕಿಕೊಂಡ ಉಜ್ಬೆಕ್

ಗಲ್ಫಿನ ಅಲ್ ಬರ್ಷಾದಲ್ಲಿರುವ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ತಾಷ್ಕೆಂಟಿನ ರುಸ್ತಮ್ ಹಲ್ಲುಗಳ ನಡುವೆ ನಾಲಿಗೆ ಚಾಚಿ ಕೂತಿದ್ದ. ಎದುರಿಗೆ ನಾನು ಗಂಟಲು ಹಿಂಡಿಕೊಂಡು "ಕ್, ಕ್" ಎನ್ನುತ್ತಿದ್ದೆ. ಇಂಗ್ಲಿಷಿನ 'ಥಿಂಕ್' ಶುರುವಾಗುವ ಸದ್ದು ಅವನ ಉಜ್ಬೆಕ್ ಭಾಷೆಯಲ್ಲಿಲ್ಲ; ಅವರ ಗಂಟಲಾಳದ 'ಕ್' ಇಂಗ್ಲಿಷಿನಲ್ಲೂ ಇಲ್ಲ, ನನ್ನ ಕನ್ನಡದಲ್ಲೂ ಇಲ್ಲ. ಹಾಗಾಗಿ ಊಟದ ಹೊತ್ತಿಗೆ ನಾವು ಒಬ್ಬರಿಗೊಬ್ಬರು ಮೇಷ್ಟ್ರು.

ಆಗಲೇ ಒಳಬಂದ ಸಹೋದ್ಯೋಗಿ, ಉಪ್ಪಿನಂಗಡಿಯ ಹಮೀದಾಕ, ನನ್ನ ತಟ್ಟೆಯಲ್ಲಿದ್ದ ಬೂತಾಯಿ ಮೀನಿನ ಸಾರು ಕಂಡು ಕಂಗಾಲಾದರು.

"ಎಂತ ಮಾರಾಯ, ಮುಳ್ಳು ಸಿಕ್ಕಿತಾ? ಅಗಿಯಬೇಡ, ಹಾಗೇ ನುಂಗು!" ಎಂದು ದೊಡ್ಡದೊಂದು ಅನ್ನದ ಉಂಡೆಯನ್ನು ನನ್ನ ಬಾಯಿಗೆ ತುರುಕಿಯೇಬಿಟ್ಟರು. ನುಂಗುವಾಗ ನನ್ನ ಗಂಟಲು ಹೊರಡಿಸಿದ ಸದ್ದಿಗೆ ರುಸ್ತಮ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಅದೇ ಸರಿಯಾದ ಉಚ್ಚಾರವಂತೆ! ಈಗ ನನ್ನ ಉಜ್ಬೆಕ್ ಪರವಾಗಿಲ್ಲ; ಆದರೆ ಒಂದೊಂದು 'ಕ್'ಗೂ ಒಂದೊಂದು ಉಂಡೆ ಅನ್ನ ಬೇಕು.