ಹನೋಯ್‌ನಲ್ಲಿ ಯಜಮಾನರ ಕ್ಷೌರ

ಸೋಮವಾರ ಊಟವಾದ ಮೇಲೆ ಹಿತ್ತಿಲಲ್ಲಿ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಉಜ್ಜುತ್ತಿದ್ದೆ. ನಾದಿನಿ ಸುಧಾಳ ಫೋನು ಬಂತು. "ಅತ್ತಿಗೆ, ನಿಮ್ಮಿಬ್ಬರ ವೀಸಾನೂ ಬಂತು. ನಾಳೇನೇ ವಿಮಾನ. ಅಣ್ಣನ್ನ ಹೊರಡಿಸಿ." ಅವಳ ಗಂಡನದು ವಿಯೆಟ್ನಾಮಿನಲ್ಲಿ ಕಾಫಿ ವ್ಯಾಪಾರ. ಗುರುವಾರ ಹೊಸ ಮನೆಯ ಹೋಮ. ಪುರೋಹಿತರು ನಮ್ಮ ಯಜಮಾನರೇ.

ಅವರ ತಲೆ ನೋಡಿ ನನಗೆ ಕಳವಳ ಹತ್ತಿತು. ಜುಟ್ಟಿನ ಸುತ್ತ ಕೂದಲು ಬೆಳೆದುಬಿಟ್ಟಿತ್ತು. ಉಂಡ ಮೇಲೆ ಕ್ಷೌರವಿಲ್ಲ, ಮಂಗಳವಾರವಂತೂ ಇಲ್ಲವೇ ಇಲ್ಲ. ಉಳಿದದ್ದು ಬುಧವಾರ, ಅದೂ ಪರದೇಶದಲ್ಲಿ.

ಹೊಳೆನರಸೀಪುರದಲ್ಲಿ ಬಸ್ ಹತ್ತಿದೆವು. ನನಗೆ ಟಿಕೆಟ್ಟಿನ ಖರ್ಚಿಲ್ಲ, ಕಿಟಕಿ ಪಕ್ಕದ ಜಾಗವೂ ಸಿಕ್ಕಿತು; ದೇವರು ದೊಡ್ಡವನು.

"ಯಾವೂರ್ಗೆ ಸಾ, ಇಷ್ಟೊಂದ್ ಗಂಟು?" ಎಂದ ಕಂಡಕ್ಟರ್.

"ವಿಯೆಟ್ನಾಂ."

"ನಮ್ದು ಚನ್ನರಾಯಪಟ್ಟಣದ್ಗಂಟ ಓಯ್ತದೆ. ಮುಂದಕ್ಕೆ ನೀವೇ ನೋಡ್ಕಳಿ."

ಬುಧವಾರ ಬೆಳಿಗ್ಗೆ ಹನೋಯ್‌ನಲ್ಲಿ ಜಿಟಿಜಿಟಿ ಮಳೆ. ಸ್ನಾನ ಮಾಡಿ ಮಡಿಯುಟ್ಟಿದ್ದರೂ ಮನಸ್ಸು ತಡೆಯದೆ ನಾನೂ ಜೊತೆಗೆ ಹೋದೆ. "ತಲೆ ಬೋಳಿಸಕ್ಕೆ ಹೇಳಿದೀನಿ" ಎಂದು ಸುಧಾ ನಮ್ಮನ್ನು ಕ್ಷೌರದಂಗಡಿಯಲ್ಲಿ ಬಿಟ್ಟು ಬಾಳೆಲೆ ಹುಡುಕಲು ಹೋದಳು. ಅವಳ ಸ್ಕೂಟರ್ ಮರೆಯಾದ ಮೇಲೆ ಹೊಳೆಯಿತು: ಜುಟ್ಟು ಬಿಡಬೇಕೆಂದು ಹೇಳಿದಳೋ ಇಲ್ಲವೋ? ಜುಟ್ಟಿಲ್ಲದೆ ಇವರು ಹೋಮಕ್ಕೆ ಕೂರುವಂತಿಲ್ಲ.

ಕ್ಷೌರಕ್ಕೆ ಕೂತವರನ್ನು ಮುಟ್ಟಿದರೆ ನನ್ನ ಮಡಿ ಹೋಗುತ್ತದೆ. ಬಾಗಿಲಲ್ಲೇ ನಿಂತೆ. ಇವರೋ, ಊರಿನ ಅಭ್ಯಾಸದಂತೆ ಕಣ್ಣು ಮುಚ್ಚಿ ತೂಕಡಿಸತೊಡಗಿದರು. ಕ್ಷೌರಿಕ ಹೊಸ ಬ್ಲೇಡು ಹಾಕಿದ, ಅಷ್ಟಾದರೂ ಪುಣ್ಯ. ನಾನು ನನ್ನ ತುರುಬು ಮುಟ್ಟಿ, ಕೈಯಾಡಿಸಿ "ಬೇಡ" ಎಂದು ಸನ್ನೆ ಮಾಡಿದೆ. ಅವನು ನಕ್ಕು, ಪಕ್ಕದ ಖಾಲಿ ಕುರ್ಚಿ ಒರೆಸಿ ನನ್ನನ್ನೇ ಕರೆದ.

ಆಮೇಲೆ ಜುಟ್ಟಿನ ಗಂಟು ಬಿಚ್ಚಿದ. ಕತ್ತರಿ ಬುಡಕ್ಕೆ ಬಂತು. ಒಳಗೆ ನುಗ್ಗಿ ಜುಟ್ಟನ್ನು ಮುಷ್ಟಿಯಲ್ಲಿ ಹಿಡಿದೆ.

"ಮುಟ್ಟಿಬಿಟ್ಟೆಯಲ್ಲೇ" ಎಂದರು ಇವರು, ಎಚ್ಚೆತ್ತು.

"ಮುಟ್ದೆ ಇದ್ದಿದ್ರೆ ನಾಳೆ ಹೋಮಕ್ಕೆ ಯಾರನ್ನ ಕೂರಿಸ್ತಿದ್ರಿ? ಅಲ್ಲಾಡ್ಬೇಡಿ."

ಕ್ಷೌರಿಕ ನನ್ನ ಮುಷ್ಟಿ ನೋಡಿದ, ಮುಖ ನೋಡಿದ, ಕತ್ತರಿ ಕೆಳಗಿಟ್ಟ. ನನ್ನ ಮುಷ್ಟಿಯ ಸುತ್ತಲೂ ಒಂದು ಗೀರೂ ಆಗದಂತೆ ಬೋಳಿಸಿದ. ಕಾದು ಕೂತಿದ್ದ ಮುದುಕರು ಏನೋ ಅಂದುಕೊಂಡು ನಕ್ಕರು. ಗಂಡನ ಜುಟ್ಟು ಹೆಂಡತಿಯ ಕೈಯಲ್ಲಿದ್ದರೆ ನಗಲು ಭಾಷೆ ಬೇಕೆ? ಮುಗಿದ ಮೇಲೆ ಅವನು ಕನ್ನಡಿ ಹಿಡಿದದ್ದು ಇವರಿಗಲ್ಲ, ನನಗೆ. ಕೈಮುಗಿದೆ.

ಮನೆಗೆ ಬಂದು ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. ಇವರು ಜುಟ್ಟು ಒರೆಸಿಕೊಳ್ಳುತ್ತಾ, "ಕೈ ನೋಯ್ತಿದೆಯೇನೇ?" ಎಂದರು.

"ಇಲ್ಲ" ಎಂದೆ. ಕೋಸಂಬರಿಗೆಂದು ಹೆಸರುಬೇಳೆ ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸತೊಡಗಿದೆ.