ರಜೆಯವರ ಜಾಗ

ಕಾಪುವಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಿ ಟೀಮಿನ ಕೆಲಸವೇ ಬೇರೆ. ಎ ಟೀಮಿನ ಅರ್ಧದಷ್ಟು ಆಟಗಾರರು ಗಲ್ಫಿನಲ್ಲಿರುತ್ತಾರೆ. ಅವರು ಅಲ್ಲಿ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿಯುವಾಗ ಇಲ್ಲಿ ಅವರ ಜಾಗದಲ್ಲಿ ಬಿ ಟೀಮಿನವರು ಆಡುತ್ತಾರೆ. ರಜೆಯಲ್ಲಿ ಊರಿಗೆ ಬಂದವನಿಗೆ, ವಿಮಾನ ಇಳಿದ ದಿನದಿಂದ ಮತ್ತೆ ಹತ್ತುವ ದಿನದವರೆಗೆ, ತನ್ನ ಜಾಗ ವಾಪಸು ಸಿಗುತ್ತದೆ. ಅಷ್ಟರವರೆಗೆ ಆಡುತ್ತಿದ್ದವನು ಅಂಗಿಯನ್ನು ಒಗೆದು ಮಡಚಿ ರಜೆಯವನ ಮನೆಗೆ ಮುಟ್ಟಿಸಿ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾನೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಇದರ ಮೇಲೆ ಜಗಳವಾದದ್ದೂ ನನಗೆ ಗೊತ್ತಿಲ್ಲ. ಇವತ್ತು ಜಾಗ ಬಿಟ್ಟುಕೊಟ್ಟವನು ಮುಂದೊಂದು ವರ್ಷ ತಾನೇ ರಜೆಯಲ್ಲಿ ಬರುವವನು.

ನಾನು ಗಲ್ಫಿಗೆ ಹೋಗಲಿಲ್ಲ. ಮಣಿಪಾಲದಲ್ಲಿ ಓದಿ, ಅಲ್ಲೇ ಪಾಠ ಹೇಳುತ್ತಿದ್ದೇನೆ. ಆಡುತ್ತಿದ್ದ ಕಾಲದಲ್ಲಿ ಕೊನೆಯವರೆಗೂ ಬಿ ಟೀಮಿನಲ್ಲೇ ಉಳಿದೆ. ಊರು ಬಿಡದವನಿಗೆ ಊರಿನಲ್ಲಿ ಸ್ವಂತ ಜಾಗ ಸಿಗಲಿಲ್ಲ ಎಂದು ತಮಾಷೆಗೆ ಹೇಳುವುದುಂಟು. ಅಷ್ಟೇನೂ ಚೆನ್ನಾಗಿ ಆಡುತ್ತಿರಲಿಲ್ಲ ಎಂಬುದು ಇನ್ನೊಂದು ಕಾರಣ. ಈ ಕಥೆಯನ್ನು ಬೇರೆಯವರಿಗೆ ಹೇಳುವಾಗ ಅದನ್ನು ಬಿಟ್ಟುಬಿಡುತ್ತೇನೆ ಎಂಬುದನ್ನು ಇತ್ತೀಚೆಗೆ ಗಮನಿಸಿದೆ.

ಆಟ ನಿಲ್ಲಿಸಿದ ಮೇಲೆ ಬಿ ಟೀಮನ್ನೂ ಮಕ್ಕಳ ಅಕಾಡೆಮಿಯನ್ನೂ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅಕಾಡೆಮಿ ಎಂದರೆ ಶನಿವಾರ, ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಸೇರುವ ಮಕ್ಕಳು, ಎರಡು ಬಲೆ, ಗಲ್ಫಿನಿಂದ ಕಾರ್ಗೋ ಪೆಟ್ಟಿಗೆಯಲ್ಲಿ ಚಾಕಲೇಟು, ಕಂಬಳಿಗಳ ಜೊತೆ ಬಂದ ಕಿತ್ತಳೆ ಬಣ್ಣದ ಕೋನ್‌ಗಳು. ಕಲಿಸುವವರು ಹೆಚ್ಚಾಗಿ ರಜೆಯಲ್ಲಿ ಬಂದವರೇ. ನಮ್ಮಲ್ಲಿ ಅವರನ್ನು ಕೆಲಸದ ಊರಿನಿಂದಲೇ ಗುರುತಿಸುತ್ತಾರೆ: ದೋಹಾದವನು, ದಮ್ಮಾಮಿನವನು. ದಮ್ಮಾಮಿನವನ ಮನೆ ಉಚ್ಚಿಲದಲ್ಲಿ. ನಮ್ಮ ಎಡಗಡೆಯ ಫಾರ್ವರ್ಡ್, ಹನ್ನೊಂದನೆಯ ನಂಬರು. ಎಡಭುಜ ಒಂದಿಷ್ಟು ಬಗ್ಗಿಸಿ, ಹೊರಗೆ ಹೋಗುವವನಂತೆ ತೋರಿಸಿ, ಒಳಗೆ ನುಗ್ಗುತ್ತಿದ್ದ. ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದ. ಹೆಚ್ಚಿನ ಮಕ್ಕಳು ಭುಜ ಬಗ್ಗಿಸಿ ಅಲ್ಲೇ ಬೀಳುತ್ತಿದ್ದರು.

ಬೀಳದೆ ಕಲಿತವನು ಹೂಡೆಯ ಒಬ್ಬ ಹುಡುಗ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬರುತ್ತಿದ್ದ. ಅವನದೂ ಎಡಗಾಲು. ಅಕಾಡೆಮಿಯಿಂದ ಬಿ ಟೀಮಿಗೆ ಬಂದು, ದಮ್ಮಾಮಿನವನು ಊರಿನಲ್ಲಿಲ್ಲದ ತಿಂಗಳುಗಳಲ್ಲಿ ಅವನ ಜಾಗದಲ್ಲಿ ಆಡುತ್ತಿದ್ದ. ನಾನು ಹೇಳುತ್ತಿರುವುದು ಹುಡುಗನಿಗೆ ಹತ್ತೊಂಬತ್ತಾಗಿದ್ದಾಗಿನ ಮಾತು. ಅವನ ತಂದೆ ರಿಯಾದಿನ ಒಂದು ಅಂಗಡಿಯಲ್ಲಿದ್ದರು. ಮಗನಿಗೆ ಅಲ್ಲೇ ವೀಸಾ ಮಾಡಿಸಿದ್ದರು. ಮೆಡಿಕಲ್ ತಪಾಸಣೆ ಕೂಡ ಆಗಿತ್ತು. ಮುಂದಿನ ತಿಂಗಳು ಅವನು ಹೊರಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹುಡುಗ ಆಗುವುದಿಲ್ಲ ಎಂದಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಮೈದಾನದಿಂದ ಹೊರಡಲು ಮಾತ್ರ ತಡಮಾಡುತ್ತಿದ್ದ.

ಆ ಸಮಯಕ್ಕೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಂದೆ ಮಣಿಪಾಲಕ್ಕೆ ಬಂದರು. ಮಗಳ ಹಾಸ್ಟೆಲ್ ಬದಲಿಸುವ ವಿಚಾರಕ್ಕೆ ಬಂದವರು ಮಾತಿನ ನಡುವೆ, ತಾನು ಬೆಂಗಳೂರಿನ ಕ್ಲಬ್ಬೊಂದರ ರಿಸರ್ವ್ ತಂಡಕ್ಕೆ ಕೋಚ್ ಎಂದರು. ನಾನು ಹುಡುಗನ ವಿಷಯ ಹೇಳಿದೆ. ಎಡಗಾಲಿನವನು, ಹನ್ನೊಂದನೆಯ ನಂಬರು, ವಯಸ್ಸು ಹತ್ತೊಂಬತ್ತು. ಎಡಗಾಲಿನವರನ್ನೇ ಅವರು ಹುಡುಕುತ್ತಿದ್ದರಂತೆ. ಶನಿವಾರ ಕಾರ್ಕಳದಲ್ಲಿ ನಮ್ಮ ಪಂದ್ಯವಿತ್ತು. ನೋಡಿಕೊಂಡು, ಅಲ್ಲಿಂದಲೇ ಬೆಂಗಳೂರಿಗೆ ಹೋಗುತ್ತೇನೆ ಎಂದರು.

ಬುಧವಾರ ದಮ್ಮಾಮಿನವನು ಊರಿಗೆ ಬಂದಿಳಿದ. ರಜೆ ಒಂದು ತಿಂಗಳು ಮೊದಲೇ ಸಿಕ್ಕಿತ್ತು. ನನಗೆ ವಿಷಯ ತಿಳಿಯುವಷ್ಟರಲ್ಲಿ ಹುಡುಗ ಅಂಗಿ ತಲುಪಿಸಿಯೂ ಆಗಿತ್ತು. ಬಲಗಡೆ ಆಡಿಸೋಣವೆಂದರೆ ಆ ಜಾಗದ ದೋಹಾದವನು ಒಂದು ವಾರ ಮೊದಲೇ ಬಂದಿದ್ದ.

ಗುರುವಾರ ಸಂಜೆ ಉಚ್ಚಿಲಕ್ಕೆ ಹೋದೆ. ಅವನ ಉಮ್ಮ ಚಹಾ, ಖರ್ಜೂರ ಕೊಟ್ಟರು. ಅರ್ಧ ಬಿಚ್ಚಿದ ಸೂಟ್‌ಕೇಸಿನ ಸುತ್ತ ಅವನ ಮಕ್ಕಳು ಕುಳಿತಿದ್ದರು. ಅವನ ಕಂಪನಿ, ನನ್ನ ಕಾಲೇಜು, ಹೆದ್ದಾರಿಯ ಅಪಘಾತಗಳು, ಎಲ್ಲವೂ ಮಾತಿಗೆ ಬಂದು ಹೋದವು. ನಾನು ಹೋದದ್ದು ಶನಿವಾರದ ಮಟ್ಟಿಗೆ ಹುಡುಗನಿಗೆ ಜಾಗ ಕೇಳಲು. ರಜೆಯವನೊಡನೆ ಅವನ ಜಾಗ ಕೇಳಿದವರು ನಮ್ಮಲ್ಲಿ ಇಲ್ಲ. ಕೊನೆಗೆ ಹೀಗೆ ಹೇಳಿದೆ:

“ಶನಿವಾರ ಬೆಂಗಳೂರಿನ ಒಬ್ಬರು ಕೋಚ್ ಬರ್ತಾರೆ, ನಮ್ಮ ಆಟ ನೋಡ್ಲಿಕ್ಕೆ.”

“ನಮ್ಮ ಆಟವಾ? ಬೆಂಗಳೂರಿನಿಂದವಾ?” ಎಂದು ಅವನು ಹೊಟ್ಟೆ ಸವರಿಕೊಂಡ. “ಹಾಗಾದ್ರೆ ಸ್ವಲ್ಪ ಓಡ್ಲಿಕ್ಕೆ ಉಂಟು ಮಾಸ್ಟ್ರೇ. ಅಲ್ಲಿಯ ಕುಬ್ಬೂಸ್ ರೊಟ್ಟಿ ತಿಂದು ತಿಂದು ಹೀಗೆ ಆಗಿದ್ದೇನೆ.”

ಅವನಿಗೆ ಅರ್ಥವಾಗಿರಬೇಕು ಎಂದುಕೊಂಡು ಎದ್ದುಬಂದೆ. ಹಾಗೆ ನಿಜವಾಗಿ ಅಂದುಕೊಂಡೆನೋ, ಅಂದುಕೊಳ್ಳುವುದು ಸುಲಭವಾಗಿತ್ತೋ ಹೇಳಲಾರೆ. ಶುಕ್ರವಾರ ಬೆಳಿಗ್ಗೆ ಅವನು ಕಡಲಕರೆಯಲ್ಲಿ ಒಬ್ಬನೇ ಓಡುತ್ತಿದ್ದ ಎಂದು ಯಾರೋ ಹೇಳಿದರು. ಹುಡುಗನನ್ನು ಫೋನಿನಲ್ಲಿ ಕೇಳಿದೆ: ಶನಿವಾರ ಬರುತ್ತೀಯಲ್ಲ? “ಬೆಂಚಿಗೆ ಬರ್ತೇನೆ ಸರ್” ಎಂದ.

ಕಾರ್ಕಳದ ಆ ಮೈದಾನ ಮುರಕಲ್ಲಿನ ಗಟ್ಟಿ ನೆಲ. ಮರಳಿನಲ್ಲಿ ಆಡಿ ರೂಢಿಯಾದ ನಮಗೆ ಅಲ್ಲಿ ಚೆಂಡು ಯಾವಾಗಲೂ ಲೆಕ್ಕಕ್ಕಿಂತ ಎತ್ತರಕ್ಕೆ ಪುಟಿಯುತ್ತದೆ. ಆ ದಿನ ಮೋಡ ಮುಸುಕಿತ್ತು ಎಂದೇ ನನ್ನ ನೆನಪು. ಬೆಂಚಿನಲ್ಲಿದ್ದವನೊಬ್ಬ ಫೋನಿನಲ್ಲಿ ತೆಗೆದ ವೀಡಿಯೋದಲ್ಲಿ ಕಣ್ಣು ಕುಕ್ಕುವ ಬಿಸಿಲಿದೆ, ಎಲ್ಲರ ನೆರಳೂ ಕಾಲಬುಡದಲ್ಲಿದೆ. ಆದ್ದರಿಂದ ಮುಂದಿನದನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ದಮ್ಮಾಮಿನವನು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಉಸಿರು ಎಷ್ಟು ಹೊತ್ತು ಬರುತ್ತದೆಂದು ತಿಳಿದವನಂತೆ ನಿಂತು ನಿಂತು ಓಡಿದ. ಆದರೆ ಓಡಿದಾಗಲೆಲ್ಲ ಎದುರಿನವನು ತಪ್ಪು ಕಡೆಗೆ ಹೋದ. ಅವನು ಒದಗಿಸಿದ ಚೆಂಡುಗಳಿಂದಲೇ ಎರಡು ಗೋಲಾದವು. ದೋಹಾದವನು ಆಚೆ ಬದಿಯಿಂದಲೇ ತುಳುವಿನಲ್ಲಿ, ದಮ್ಮಾಮಿನಲ್ಲಿ ಇವನಿಗೆ ಸಂಬಳ ಕೊಡುವುದು ಓಡಲಿಕ್ಕಾ ಎಂದು ಕೂಗಿದ. ಹುಡುಗ ಬೆಂಚಿನಲ್ಲಿ ಕುಳಿತು ಎರಡು ಗೋಲಿಗೂ ಚಪ್ಪಾಳೆ ತಟ್ಟಿದ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಕೋಚ್ ಮೊದಲ ಗೋಲಿನ ನಂತರ ಫೋನನ್ನು ಜೇಬಿಗೆ ಹಾಕಿದರು.

ವಿರಾಮದಲ್ಲಿ ಅವರು ನನ್ನ ಕಡೆ ತಿರುಗಿ, ತಪ್ಪು ತಿಳಿಯಬೇಡಿ ಎಂಬ ದನಿಯಲ್ಲಿ ಕೇಳಿದರು: “ಸಾರ್, ನೀವು ಹೇಳಿದ ಹುಡುಗ ಇವನೇ ಅಲ್ವಾ? ಆಟ ತುಂಬಾ ಚೆನ್ನಾಗಿದೆ. ಆದ್ರೆ ಹತ್ತೊಂಬತ್ತು ಅಂತ ಹೇಗೆ ನಂಬೋದು? ಎಲ್ಲಾ ಕಡೆ ವಯಸ್ಸು ಇಳಿಸ್ತಾರೆ, ನಂಗೊತ್ತು. ಇದು ಸ್ವಲ್ಪ ಜಾಸ್ತಿಯಾಯ್ತು.”

ದಮ್ಮಾಮಿನವನು ನೀರಿನ ಬಾಟಲಿ ಹಿಡಿದು ನಮ್ಮ ಹಿಂದೆಯೇ ನಿಂತಿದ್ದ. ತಾನು ಮರದ ಕೆಳಗೆ ಕುಳಿತಿದ್ದೆ, ಯಾರೋ ಬಂದು ಹೇಳಿದರು ಎಂದು ಅವನೇ ಆಮೇಲೆ ಒಮ್ಮೆ ಅಂದದ್ದುಂಟು. ನನ್ನ ನೆನಪಿನಲ್ಲಿ ಮಾತ್ರ ಅವನು ಹಿಂದೆ ನಿಂತಿದ್ದಾನೆ, ಗಲ್ಲದಿಂದ ನೀರು ಇಳಿಯುತ್ತಿದೆ.

“ಮೂವತ್ತನಾಲ್ಕು ಸರ್” ಎಂದ ಕೋಚ್‌ಗೆ. “ಇಬ್ಬರು ಮಕ್ಕಳು ಉಂಟು.”

ಕೋಚ್ ನಕ್ಕರು. ಅವನೂ ನಕ್ಕ. ಆಮೇಲೆ ನನ್ನ ಕಡೆ ನೋಡಿ ತುಳುವಿಗೆ ಬದಲಾದ. ಇವರು ಯಾರನ್ನು ನೋಡಲು ಬಂದದ್ದು ಎಂದು ಕೇಳಿದ. ನಾನು ಬೆಂಚಿನ ಕಡೆ ನೋಡಿದೆ. ಅಷ್ಟು ಸಾಕಾಯಿತು.

“ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾಸ್ಟ್ರೇ?”

“ಮೊನ್ನೆ ಹೇಳಿದ್ದಲ್ವಾ.”

“ಆಟ ನೋಡ್ಲಿಕ್ಕೆ ಅಂತ ಹೇಳಿದ್ದು ನೀವು. ನಾನು ನನ್ನದೂ ಸೇರಿ ಅಂತ ತಿಳ್ಕೊಂಡೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಬಿಲ್ಲಿನಲ್ಲಿ ತಪ್ಪು ಕಂಡವನು ಅಂಗಡಿಯವನಿಗೆ ತೋರಿಸುವ ಹಾಗೆ ಇತ್ತು.

ಅಂಗಿ ಬಿಚ್ಚಿ ಹುಡುಗನ ಹತ್ತಿರ ಹೋದ. ಹುಡುಗ ಕೈಚಾಚಲಿಲ್ಲ.

“ಬೇಡ ಕಾಕ. ನೀವು ಇರುವಾಗ ನಾನು ಹೇಗೆ? ಗೆಲ್ತಾ ಇದ್ದೇವಲ್ವಾ.”

“ಗೆಲ್ಲುದು ಉಳಿದವರು ನೋಡಿಕೊಳ್ತಾರೆ ಮೋನೇ. ರಿಯಾದಿನಲ್ಲಿ ನಿನ್ನನ್ನು ಯಾರು ನೋಡ್ಲಿಕ್ಕೆ ಬರ್ತಾರೆ? ಹಾಕು.”

ಹುಡುಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ ಎಂದು ಹುಡುಗ ಹೇಳುತ್ತಾನೆ. ನನ್ನನ್ನು ಹೊರಗೆ ಕರೆದದ್ದು ಮಾಸ್ಟ್ರೇ ಎಂದು ದಮ್ಮಾಮಿನವನು ಈಗ ಎಲ್ಲರಿಗೂ ಹೇಳುತ್ತಾನೆ. ಅವನೇ ಬಿಟ್ಟುಕೊಟ್ಟ ಎಂದು ನಾನು ಹೇಳುತ್ತೇನೆ. ರಜೆಯವನೊಬ್ಬ ರಜೆಯ ನಡುವೆ ಜಾಗ ಬಿಟ್ಟದ್ದು ನಮ್ಮಲ್ಲಿ ಅದೇ ಮೊದಲು. ಅದರ ಜವಾಬ್ದಾರಿ ಯಾರಿಗೂ ಬೇಡವಾಗಿತ್ತೋ ಏನೋ.

ಬೆವರಿನಿಂದ ಒದ್ದೆಯಾದ, ಮೈಗೆ ದೊಡ್ಡದಾದ ಅಂಗಿಯಲ್ಲಿ ಹುಡುಗ ಒಳಗೆ ಹೋದ. ಮೊದಲಿನ ಹೊತ್ತು ಅವನಿಗೆ ಏನೂ ಕೂಡಿಬರಲಿಲ್ಲ. ಚೆಂಡು ಮೊಣಕಾಲಿಗೆ ತಾಗಿ ಹೊರಗೆ ಹೋಯಿತು. ಒಮ್ಮೆ ಸುಮ್ಮನೆ ಎದುರಾಳಿಗೇ ಕೊಟ್ಟುಬಿಟ್ಟ. ಅಷ್ಟರಲ್ಲಿ ಅವರದೊಂದು ಗೋಲಾಯಿತು. ದೋಹಾದವನು ನಮ್ಮ ಕಡೆ ತಿರುಗಿ ಎರಡೂ ಕೈ ಎತ್ತಿ, ಇದೆಂತದು ಎಂಬಂತೆ ನಿಂತ. ಕೋಚ್ ಗಡಿಯಾರ ನೋಡಿದ್ದು ನನಗೆ ನೆನಪಿದೆ. ದಮ್ಮಾಮಿನವನು ಬನಿಯನ್ನಿನಲ್ಲಿ ಗೆರೆಯ ಪಕ್ಕ ಅತ್ತಿತ್ತ ನಡೆಯುತ್ತ ಬ್ಯಾರಿ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದ. ಅವಸರ ಮಾಡಬೇಡ ಎಂಬಷ್ಟು ನನಗೆ ತಿಳಿಯಿತು.

ಆಮೇಲೆ ಒಂದು ಚೆಂಡು ಎತ್ತರಕ್ಕೆ ಪುಟಿದು ಎಡಬದಿಗೆ ಬಂತು. ಹುಡುಗ ಅದನ್ನು ಎದೆಯಲ್ಲಿ ಇಳಿಸಿಕೊಂಡ, ಎಡಭುಜ ಬಗ್ಗಿಸಿದ, ಒಳಗೆ ನುಗ್ಗಿದ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನೂ ದಾಟಿದ. ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಗೋಲಾಯಿತು ಎಂದು ಬಹಳ ಕಾಲ ನಂಬಿದ್ದೆ. ವೀಡಿಯೋ ನೋಡಿ ತಿದ್ದಿಕೊಂಡೆ.

ಕೋಚ್ ಕುರ್ಚಿಯಲ್ಲಿ ಮುಂದೆ ಬಾಗಿದರು. “ಇದು ಆ ಕಾಕಂದೇ ನಕಲು ಅಲ್ವಾ ಸಾರ್?” ಎಂದರು.

“ಹೌದು, ಅವನೇ ಕಲಿಸಿದ್ದು.”

“ಪರವಾಗಿಲ್ಲ. ನಕಲಿಗೆ ಹತ್ತೊಂಬತ್ತೇ ಅಲ್ವಾ.”

ಪಂದ್ಯ ಮುಗಿಯುವುದರೊಳಗೆ ಎದುರಿನ ತಂಡದವರು ಇನ್ನೆರಡು ಗೋಲು ಹೊಡೆದರು. ನಾವು ಸೋತು ಟೂರ್ನಮೆಂಟಿನಿಂದ ಹೊರಗೆ ಬಂದೆವು. ಕೋಚ್ ಹುಡುಗನ ಹತ್ತಿರ ಸ್ವಲ್ಪ ಹೊತ್ತು ಮಾತಾಡಿದರು. ಮೊದಲು ಮೂರು ವಾರ ಬಂದು ಅಭ್ಯಾಸ ಮಾಡು, ಸರಿಯೆನಿಸಿದರೆ ರಿಸರ್ವ್ ತಂಡದಲ್ಲಿ ಇಟ್ಟುಕೊಳ್ಳುತ್ತೇವೆ, ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಾರೆ ಎಂದರು. ಹುಡುಗನ ತಾರೀಖುಗಳು ಅಲ್ಲೇ ಡಿಕ್ಕಿ ಹೊಡೆದವು. ಆ ಮೂರು ವಾರದ ನಡುವೆಯೇ ರಿಯಾದಿನ ಟಿಕೆಟ್ ಇತ್ತು.

ಬೆಳ್ಮಣ್ಣಿನ ದಾರಿಯಾಗಿ ಬರುವಾಗ ವ್ಯಾನಿನಲ್ಲಿ ದೋಹಾದವನು, ಮುಂದಿನ ರಜೆಗೆ ತಾನು ಬೆಂಚಿನ ಕುರ್ಚಿ ಈಗಲೇ ಬುಕ್ ಮಾಡುತ್ತೇನೆ, ಇನ್ನು ಕ್ಲಬ್ಬಿನಲ್ಲಿ ರಜೆಯವರಿಗೆ ಮರ್ಯಾದೆ ಇಲ್ಲ ಎಂದು ಚುಚ್ಚಿದ. ಹಿಂದಿನ ಸೀಟಿನಲ್ಲಿದ್ದ ಹುಡುಗ ತಂದೆಗೆ ಫೋನ್ ಮಾಡಿದ. ಬೆಂಗಳೂರಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದ. ಆಚೆಯಿಂದ ದನಿ ಏರಿದ್ದು ನನಗೂ ಕೇಳಿಸಿತು. ದಮ್ಮಾಮಿನವನು ಕೈಚಾಚಿ ಫೋನ್ ತೆಗೆದುಕೊಂಡ.

ನನಗೆ ಮನೆಮಾತು ಕೊಂಕಣಿ. ಬ್ಯಾರಿ ಅರ್ಧ ತಿಳಿಯುತ್ತದೆ. ಅವನು ಹುಡುಗನ ಆಟವನ್ನು ಹೊಗಳಲಿಲ್ಲ ಎಂಬುದಂತೂ ಖಂಡಿತ. ತನ್ನ ಹದಿಹರೆಯದಲ್ಲಿ ತನ್ನ ತಂದೆ ವೀಸಾ ಕಳಿಸಿದ್ದು, ತಾನು ಹೋದದ್ದು, ಅದರ ಬಗ್ಗೆ ತನಗೆ ದೂರು ಇಲ್ಲ ಎಂಬುದು, ಇವೆಲ್ಲ ಆ ಮಾತಿನಲ್ಲಿದ್ದವು. ಆಗ ಯಾರೂ ನೋಡಲು ಬಂದಿರಲಿಲ್ಲ, ಈಗ ಒಬ್ಬರು ಬಂದಿದ್ದಾರೆ ಎಂದ. ನಡುವೆ ನೆಟ್‌ವರ್ಕ್ ಹೋಯಿತು. ಡ್ರೈವರ್ ತಾನಾಗಿಯೇ ವ್ಯಾನನ್ನು ಬದಿಗೆ ನಿಲ್ಲಿಸಿದ. ದಮ್ಮಾಮಿನವನು ಇಳಿದು ರಸ್ತೆಯಲ್ಲಿ ನಡೆಯುತ್ತ ಮತ್ತೆ ಮಾತಾಡಿದ. ನಾವು ಕಿಟಕಿಯಿಂದ ನೋಡುತ್ತ ಕುಳಿತೆವು. ಹುಡುಗ ನೋಡುತ್ತಿರಲಿಲ್ಲ, ಬೂಟಿನ ಲೇಸು ಬಿಚ್ಚುತ್ತಿದ್ದ.

ದಮ್ಮಾಮಿನವನು ಹತ್ತಿ ಬಂದು ಫೋನನ್ನು ಹುಡುಗನ ತೊಡೆಯ ಮೇಲಿಟ್ಟ. “ಒಂದು ವರ್ಷ” ಎಂದ. “ಆಗದಿದ್ರೆ ಬಾ, ನಾನೇ ದಮ್ಮಾಮಿಗೆ ಕರ್ಕೊಂಡು ಹೋಗ್ತೇನೆ. ನಿನ್ನ ಉಪ್ಪನಿಗೂ ಹಾಗೇ ಹೇಳಿದ್ದೇನೆ.”

ಹುಡುಗ ಬೆಂಗಳೂರಿಗೆ ಹೋದ. ಮೂರು ವಾರದ ನಂತರ ಅವನನ್ನು ಇಟ್ಟುಕೊಂಡರು. ರಿಯಾದಿನ ಅಂಗಡಿಗೆ ಅವನ ದೊಡ್ಡಪ್ಪನ ಮಗ ಹೋದ. ಹುಡುಗ ಈಗಲೂ ರಿಸರ್ವ್ ತಂಡದಲ್ಲೇ ಇದ್ದಾನೆ, ಮೊದಲ ತಂಡದಲ್ಲಿ ಇದುವರೆಗೆ ಆಡಿಲ್ಲ. ತಂದೆ ಕೊಟ್ಟ ವರ್ಷ ಎಂದೋ ಮುಗಿಯಿತು. ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

ದಮ್ಮಾಮಿನವನು ಪ್ರತಿ ರಜೆಯಲ್ಲೂ ಬರುತ್ತಾನೆ, ಮಕ್ಕಳಿಗೆ ಕಲಿಸುತ್ತಾನೆ, ಅರ್ಧ ಆಟ ಆಡಿ ಹೊರಗೆ ಬರುತ್ತಾನೆ. ಬಂದ ಮೊದಲ ವಾರದಲ್ಲೇ, ಬೇರೆ ಯಾರೂ ಹತ್ತಿರ ಇಲ್ಲದಾಗ, ಒಂದು ಪ್ರಶ್ನೆ ಕೇಳುತ್ತಾನೆ: ಆ ಬೆಂಗಳೂರಿನವರು ಮೊದಲು ಕೇಳಿದ್ದು ನನ್ನ ಬಗ್ಗೆಯೇ ಅಲ್ವಾ ಮಾಸ್ಟ್ರೇ? ಹೌದು ಎನ್ನುತ್ತೇನೆ. ಅದು ನಿಜ. ಕಳೆದ ಸಲ ಇನ್ನೊಂದು ಸೇರಿಸಿದ: ವಯಸ್ಸು ಕಡಿಮೆ ಇದ್ದಿದ್ದರೆ ಆ ದಿನವೇ ಕರೆದುಕೊಂಡು ಹೋಗುತ್ತಿದ್ದೆ ಎಂದಿದ್ದರಲ್ವಾ? ಹಾಗೆ ಅವರು ಹೇಳಿದ್ದು ನನಗೆ ನೆನಪಿಲ್ಲ. ಹೇಳಿಲ್ಲ ಎಂಬುದೂ ನೆನಪಿಲ್ಲ. ನನ್ನ ನೆನಪಿನಲ್ಲಿ ಮೋಡ ಮುಸುಕಿದ ದಿನ ಅದು.

“ಹೇಳಿದ್ರು” ಎಂದೆ. ಅವನು ತಲೆಯಾಡಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೋದ.