ಎಡೆಯ ಮೇಲಿನ ಬೆಣ್ಣೆ

ನಮ್ಮತ್ತೆಯ ಮೊಣಕೈ ಸದಾ ಮಿರುಗುತ್ತಿತ್ತು. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಮೇಲೆ ಅಂಗೈಗೆ ಅಂಟಿದ್ದನ್ನು ತೊಳೆಯುತ್ತಿರಲಿಲ್ಲ, ಮೊಣಕೈಗೆ ಸವರಿಕೊಳ್ಳುತ್ತಿದ್ದರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವಾಗ ಅವರ ಮುಖದಲ್ಲಿ ಕಾಣುವಷ್ಟು ಸಂತೋಷ ಮಗನ ಮದುವೆಯಲ್ಲೂ ಕಂಡಿರಲಿಲ್ಲ ಎಂದು ನೆಂಟರು ಹೇಳುತ್ತಿದ್ದರು. ಮದುಮಗಳು ನಾನು, ತಲೆ ತಗ್ಗಿಸಿಕೊಂಡು ಕೂತಿದ್ದೆ. ಹೌದೋ ಅಲ್ಲವೋ ತಿಳಿಯದು.

ಆ ಮಗ, ನನ್ನ ಗಂಡ, ಎಚ್‌ಐವಿಯಿಂದ ತೀರಿಕೊಂಡರು. ಆಗಿನ್ನೂ ನಮ್ಮಂಥವರಿಗೆ ಸರ್ಕಾರದ ಮಾತ್ರೆ ಬಂದಿರಲಿಲ್ಲ. ಕಾಯಿಲೆ ನನಗೂ ತಗುಲಿತ್ತು. ಸೊಸೆಯನ್ನು ತವರಿಗೆ ಅಟ್ಟು ಎಂದು ಊರಿನವರು ಹೇಳಿದರು. ಅತ್ತೆ ಅಟ್ಟಲಿಲ್ಲ, ತಿನ್ನಿಸತೊಡಗಿದರು. ನನಗೆ ಮಾತ್ರೆ ಶುರುವಾದ ಮೇಲಂತೂ ದಿನಾ ಬೆಣ್ಣೆ, ಮೊಟ್ಟೆ, ಚರ್ಬಿ ತೇಲುವ ಮಾಂಸದ ಸಾರು. ನಮ್ಮ ಕಡೆ ಸೊರಗಿದವರಿಗೆ ಇದೇ ಔಷಧಿ. ನನ್ನ ಕೆನ್ನೆ ತುಂಬಿಕೊಂಡಾಗ ಅತ್ತೆ ಬೀದಿಯಲ್ಲಿ ನನ್ನನ್ನು ಮುಂದೆ ಬಿಟ್ಟುಕೊಂಡು ನಡೆಯುತ್ತಿದ್ದರು, ಎಲ್ಲರೂ ನೋಡಲಿ ಎಂದು.

ಆಮೇಲೊಮ್ಮೆ ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಕೊಲೆಸ್ಟ್ರಾಲ್ ಬಹಳ ಏರಿದೆ, ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯ ಎಂದರು. ಊಟವೂ ಕಾರಣ, ಎಚ್‌ಐವಿ ಮಾತ್ರೆಯೂ ಸ್ವಲ್ಪ ಕಾರಣವಂತೆ. ಅದರ ಜೊತೆ ಹೊಂದುವಂಥ ಇನ್ನೊಂದು ಮಾತ್ರೆ ಬರೆದುಕೊಟ್ಟು, "ಹಳೇದನ್ನ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಬೆಣ್ಣೆ, ಚರ್ಬಿ ಬಿಡಿ, ದಿನಾ ನಡೀರಿ" ಎಂದರು.

ಊರಿಗೆ ಬರುವ ಬಸ್ಸಿನಲ್ಲಿ ನನಗೆ ರೇಗಿಹೋಯಿತು. "ಒಂದು ಮಾತ್ರೆ ಮಾಡಿದ್ದಕ್ಕೆ ಇನ್ನೊಂದು ಮಾತ್ರೆ. ಎಲ್ಲಾನೂ ಬುಟ್ಟಾಕ್ತೀನಿ, ಆಗಿದ್ದಾಗ್ಲಿ" ಎಂದೆ.

ಅತ್ತೆ ಕಿಟಕಿಯ ಕಡೆ ತಿರುಗಿದರು. "ನನ್ನ ಮಗನ್ಗೆ ಈ ಮಾತ್ರೆ ಸಿಕ್ನಿಲ್ಲ ಕಣವ್ವ. ನಿಂಗೆ ಸಿಕ್ಕದೆ. ಬುಡ್ತೀನಿ ಅಂತ ನನ್ ಮುಂದೆ ಅನ್ಬ್ಯಾಡ. ಬುಡೋದಾದ್ರೆ ಬೆಣ್ಣೆ ಬುಡನ, ಇಬ್ರೂವೆ."

ಬಿಟ್ಟೆವು. ಕರೆದ ಹಾಲೆಲ್ಲ ಡೈರಿಗೆ ಹೋಯಿತು, ಅದನ್ನು ಹೊತ್ತು ನಡೆಯುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಯ ಮೊಣಕೈ ಒಣಗಿ ಬಿಳಿಚಿಕೊಂಡಿತು. ನಿಮಗೇನು ಕಾಯಿಲೆ, ನೀವಾದರೂ ತಿನ್ನಿ ಎಂದರೆ, "ನೀನು ಮುಂದೆ ಕೂತಿದ್ರೆ ಗಂಟ್ಲಲ್ಲಿ ಹೆಂಗೆ ಇಳೀತದೆ?" ಎನ್ನುತ್ತಿದ್ದರು.

ಆ ವರ್ಷ ಪಿತೃಪಕ್ಷ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಆಮೇಲೆ ಮನೆಯವರು ಅದನ್ನೇ ಉಣ್ಣಬೇಕು. ನನ್ನ ಗಂಡನಿಗೆ ಚರ್ಬಿ ತುಂಡೆಂದರೆ ಪ್ರಾಣ. ಅತ್ತೆ ಇಟ್ಟದ್ದು ಮುದ್ದೆ, ಹುರುಳಿಕಾಳಿನ ಸಾರು, ಚರ್ಬಿ ಬಿಡಿಸಿದ ಒಂದಿಷ್ಟು ಮಾಂಸ. ಅತ್ತೆಯ ಮೈದುನರು ಮುಖ ಗಂಟಿಕ್ಕಿಕೊಂಡು, "ಇದೇನತ್ಗೆ, ಸತ್ತೋನ್ಗೂ ಪಥ್ಯವಾ?" ಎಂದರು.

"ಊಂ ಕಣಪ್ಪ. ಬದ್ಕಿದ್ದಿದ್ರೆ ಅವನೂವೆ ಇದ್ನೇ ಉಣ್ಬೇಕಾಗಿತ್ತು" ಎಂದು ಅತ್ತೆ ಕರ್ಪೂರ ಹಚ್ಚಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಹೆತ್ತ ಮಗನ ತುತ್ತನ್ನೂ ನನಗಾಗಿ ಬದಲಾಯಿಸಿದ ಹೆಂಗಸು ಅವರು. ಅವತ್ತಿನಿಂದ ಮಾತ್ರೆ ಬಿಡುವ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ಕೊಲೆಸ್ಟ್ರಾಲ್ ಮೆಲ್ಲಗೆ ಇಳಿಯಿತು. ನಾನು ಉಳಿದೆ. ವಯಸ್ಸಾಗಿದ್ದ ಅತ್ತೆ ನಿದ್ದೆಯಲ್ಲೇ ಹೋದರು. ಅವರ ಮೊದಲ ಎಡೆಗೆ, ಡೈರಿಗೆ ಹಾಕದೆ ಉಳಿಸಿಕೊಂಡ ಹಾಲಿಗೆ ಹೆಪ್ಪು ಹಾಕಿ, ನಾನೇ ಕಡೆದೆ. ಬಿಸಿ ರೊಟ್ಟಿಯ ಮೇಲೆ ದೊಡ್ಡದೊಂದು ಬೆಣ್ಣೆಯುಂಡೆ ಇಟ್ಟೆ.

"ಈಗ್ಲಾದ್ರೂ ತಿನ್ನಿ ಅತ್ತೆ, ನಾನು ಮುಂದೆ ಕೂತಿಲ್ಲ" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.